ಹಿಂಡದ ಬಟ್ಟೆ

ಓಹಿಯೋ ನದಿಯ ಈಚೆ ದಡದಲ್ಲಿ ನಾವು ಕರಿಯರು ಯಾರ ಗುಲಾಮರೂ ಆಗಿರಲಿಲ್ಲ. ಆಚೆ ದಡದಲ್ಲಿ ನಮ್ಮವರನ್ನು ದನಗಳಂತೆ ಮಾರುತ್ತಿದ್ದರು. ನಮ್ಮ ಓಣಿಯ ಕೆಜಾಯ ಬಿಳಿಯರ ಮನೆಗಳ ಬಟ್ಟೆ ಒಗೆಯುತ್ತಿದ್ದಳು; ಗಂಡ ಎಲ್ಕಾನ ಬಡಗಿ. ಆ ಬೇಸಿಗೆಯಲ್ಲಿ, ಕರಿಯರೆಲ್ಲ ತಿಂಗಳೊಳಗೆ ಊರು ಬಿಡಬೇಕೆಂದು ಬಿಳಿಯರು ಪೇಟೆಯ ಗೋಡೆಗಳಿಗೆ ಕಾಗದ ಅಂಟಿಸಿದ್ದರು. ತಿಂಗಳು ಕಳೆಯಿತು, ಏನೂ ಆಗಲಿಲ್ಲ. ನಾವು ಮರೆಯತೊಡಗಿದ್ದೆವು.

ಒಂದು ಗುರುವಾರ ಬೆಳಿಗ್ಗೆ ವಕೀಲ ಥಾರ್ನ್ಲಿಯ ಹೆಂಡತಿ ತಾನೇ ಓಣಿಗೆ ಬಂದಳು. ಹಿಂದೆಂದೂ ಬಂದವಳಲ್ಲ.

"ನಮ್ಮ ಬಟ್ಟೆ ಕೊಡು."

"ಇನ್ನೂ ಹಿಂಡಿಲ್ಲ ಅಮ್ಮಾವ್ರೆ, ನೀರು ಸೋರ್ತಾ ಇದೆ."

"ಸೋರ್ಲಿ. ಹಂಗೇ ಕೊಡು."

ಮುಖ ಕೊಟ್ಟು ಮಾತಾಡಲಿಲ್ಲ. ಒದ್ದೆ ಗಂಟನ್ನು ಎದೆಗವಚಿಕೊಂಡು ಓಡುವಂತೆ ನಡೆದಳು. ಮಧ್ಯಾಹ್ನ ಪಾದ್ರಿಯ ಮನೆಯವರು ಬಂದರು, ಆಮೇಲೆ ವೈದ್ಯರ ಮನೆಯವರು. ಸಂಜೆಗೆ ಹಗ್ಗದ ಮೇಲೆ ಒಂದು ಕರವಸ್ತ್ರವೂ ಉಳಿಯಲಿಲ್ಲ.

ಕೆಜಾಯ ಗಂಡನಿಗೆ ಹೇಳಿದಳು: "ಬೆಂಕಿ ಬರ್ತದೆ. ಅವರಿಗೆಲ್ಲ ಗೊತ್ತು. ತಮ್ಮ ಅಂಗಿ ಸುಡಬಾರ್ದು ಅಂತ ಒಯ್ದ್ರು. ನಮ್ಗೆ ಒಂದು ಮಾತು ಹೇಳ್ಲಿಲ್ಲ, ನೋಡು."

"ನಿಂಗೆ ಹಬೆ ತಲೆಗೇರಿದೆ ಕಣೇ. ಈ ಮನೇಲಿ ಒಂದೊಂದು ಮೊಳೇನೂ ನಾನೇ ಹೊಡ್ದಿದ್ದು."

"ಮೊಳೆ ಹೊಡ್ದೋನು ಅಂತ ಬೆಂಕಿ ನಿಂಗೆ ಸಲಾಮು ಹೊಡೀತದಾ?"

ಅವಳು ಮನೆಮನೆಗೆ ಹೋಗಿ ಬಾಗಿಲು ಬಡಿದಳು. ಕೆಲವರು ನಕ್ಕರು. "ಒಗೆಯೋಕೆ ಬಟ್ಟೆ ಇಲ್ದಿದ್ರೆ ಊರೇ ಮುಳುಗ್ತದೇನಮ್ಮ?" ಎಂದ ಮುದುಕ ಕ್ಯಾಟೊ. ನನ್ನ ಹೆಂಡತಿ ನಗಲಿಲ್ಲ. ಶುಕ್ರವಾರ ಬಿಸಿಲಲ್ಲೇ ನಾವು ಹನ್ನೊಂದು ಸಂಸಾರದವರು ಕೆಜಾಯಳೊಂದಿಗೆ ಉತ್ತರದ ದಾರಿ ಹಿಡಿದೆವು. ಅಂಗಡಿಗಳ ಮುಂದೆ ನಿಂತ ಗಂಡಸರು ಮಾತು ನಿಲ್ಲಿಸಿ, ಹೋಗುವವರೆಷ್ಟು ಎಂದು ಲೆಕ್ಕ ಹಾಕುವವರಂತೆ ನೋಡಿದರು. ಎಲ್ಕಾನ ಬರಲಿಲ್ಲ. "ನೀನು ಮುಂದೆ ಹೋಗು, ಏನೂ ಆಗ್ದಿದ್ರೆ ನಿನ್ನ ನೋಡಿ ನಗಾಡೋಕೆ ನಾನೇ ಬರ್ತೀನಿ" ಎಂದ.

ಶನಿವಾರ ಮುಸ್ಸಂಜೆ ಇನ್ನೂರು ಮುನ್ನೂರು ಬಿಳಿಯರು ಪಂಜು ಹಿಡಿದು ಓಣಿಗೆ ಬಂದರಂತೆ. ಊರ ಕಾವಲಿನವರು ಬೀದಿಯ ತುದಿಯಲ್ಲಿ ಕೈಕಟ್ಟಿ ನಿಂತಿದ್ದರಂತೆ. ತಪ್ಪಿಸಿಕೊಂಡು ಬಂದ ಕ್ಯಾಟೊನ ಮಗಳು ಇಷ್ಟು ಹೇಳಿದಳು: ಅಪ್ಪ ಹೊಸಿಲಲ್ಲೇ ಸತ್ತ, ಎಲ್ಕಾನನ ಕೈಕಟ್ಟಿ ದೋಣಿಗೆ ಹತ್ತಿಸಿದರು, ದೋಣಿ ಆಚೆ ದಡಕ್ಕೆ ಹೋಯಿತು.

ಈಗ ನಾವಿರುವುದು ಕೆನಡಾದಲ್ಲಿ. ಆಚೆ ದಡದಿಂದ ಓಡಿಬಂದವರು ಯಾರೇ ಬರಲಿ, ಕೆಜಾಯ ಮೊದಲು ಗಂಜಿ ಬಡಿಸುತ್ತಾಳೆ. ಅವರು ಉಂಡು ಮುಗಿಸುವವರೆಗೆ ಕಾಯುತ್ತಾಳೆ. ಆಮೇಲೆ ಕೇಳುತ್ತಾಳೆ: "ಎಡಗೈ ಹೆಬ್ಬೆರಳು ಮೊಂಡಾದ ಬಡಗಿ ಒಬ್ಬ. ಎಲ್ಲಾದ್ರೂ ಕಂಡ್ರಾ?"

ಕಂಡೆ ಎಂದವರು ಇದುವರೆಗೆ ಯಾರೂ ಇಲ್ಲ.