ಎಸಿ ಅಂಗಡಿಯ ಸ್ವೆಟರ್

ಜಯನಗರದ ಚಿಕ್ಕಬೈರಪ್ಪನವರ ರೇಷ್ಮೆ ಸೀರೆ ಅಂಗಡಿಗೆ ಎಸಿ ಬಂದದ್ದು ಎಂಬತ್ತಾರರಲ್ಲಿ. ಆ ವರ್ಷವೇ ಕರೆಂಟಿಗೆ ಬರ. ಅಂಗಡಿಗಳಿಗೆಲ್ಲ ಮಿತಿ ಹಾಕಿದ್ದರು; ಇನ್ನೊಂದು ತಿಂಗಳು ಮಿತಿ ಮೀರಿದರೆ ಲೈನ್ ಕಟ್ ಎಂದು ಇವರಿಗೆ ಎಚ್ಚರಿಕೆಯೂ ಬಂದಿತ್ತು.

"ಮದ್ವೆ ಸೀಸನ್ನಲ್ಲಿ ಅವರ ಲೈನ್ ಹೋದ್ರೆ ನಮ್ ಕಾಂಟ್ರಾಕ್ಟೂ ಹೋಯ್ತು, ನಿನ್ ಕೆಲ್ಸಾನೂ ಹೋಯ್ತು, ಕಾತ್ಯಾಯಿನಿ" ಎಂದು ನಮ್ಮ ಎಸಿ ಕಂಪನಿಯ ಯಜಮಾನರು ಸಂಜೀವಯ್ಯ ನನ್ನನ್ನು ಅಲ್ಲಿಗೆ ಅಟ್ಟಿದರು. ಎಂಜಿನಿಯರಿಂಗ್ ಓದಿ ಸಿಕ್ಕ ಮೊದಲ ಕೆಲಸ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಫಿಲ್ಟರ್ ತೊಳೆಸಿದೆ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದೆ, ಬಿಸಿಲು ಬೀಳುವ ಗಾಜಿಗೆ ಪರದೆ ಕಟ್ಟಿಸಿದೆ. ಮೀಟರ್ ಮಾತ್ರ ಬುಗುರಿಯ ಹಾಗೆ ತಿರುಗುತ್ತಲೇ ಇತ್ತು. ಕಾರಣ ಗಲ್ಲಾದ ಹಿಂದೆಯೇ ಕೂತಿತ್ತು. ಚಿಕ್ಕಬೈರಪ್ಪನವರು ಎಸಿಯ ನಾಬನ್ನು ಕೊನೆಯವರೆಗೆ ತಿರುಗಿಸಿ, ದಪ್ಪ ಉಣ್ಣೆಯ ಸ್ವೆಟರ್ ತೊಟ್ಟು ಹಾಯಾಗಿದ್ದರು. ಸೀರೆ ಬಿಚ್ಚಿ ತೋರಿಸುವವರ ಹಲ್ಲು ಕಟಕಟ ಎನ್ನುತ್ತಿತ್ತು.

"ಸಾರ್, ಸ್ವಲ್ಪ ಕಮ್ಮಿ ಮಾಡಿ."

"ಗಿರಾಕಿಗೆ ನಡುಕ ಬರ್ಬೇಕಮ್ಮ, ಆಗ್ಲೇ ಎಸಿ ಅಂಗಡಿ ಅನ್ನೋದು. ನಂಗೇನೂ ಚಳಿ ಆಗ್ತಿಲ್ವಲ್ಲ!"

ಆ ಮಾತಿಗೆ ಮೈ ಉರಿದುಹೋಯಿತು. ಆಮೇಲೆ ನಗು ಬಂತು. ನೆಟ್ಟಗೆ ಪಕ್ಕದ ಸಿದ್ದಾಪುರದ ಅವರ ಮನೆಗೆ ಹೋಗಿ, ಅವರ ಹೆಂಡತಿ ಮಂಗಮ್ಮನವರಿಗೆ ಎಲ್ಲ ಹೇಳಿದೆ.

"ಆ ಸ್ವೆಟರ್ ಒಗೆದು ಯಾವ ಕಾಲ ಆಯ್ತೋ. ನಾಳೆ ಒಗೀತೀನಿ ಬಿಡಮ್ಮ" ಎಂದು ಕಣ್ಣು ಮಿಟುಕಿಸಿದರು.

ಮರುದಿನ ಚಿಕ್ಕಬೈರಪ್ಪನವರು ಬರೀ ಜುಬ್ಬಾದಲ್ಲಿ ಬಂದರು. ಫಿಲ್ಟರ್ ನೋಡುವ ನೆಪದಲ್ಲಿ ನಾನು ಅಲ್ಲೇ ಇದ್ದೆ. ಮೊದಲು ಕೈ ಉಜ್ಜಿಕೊಂಡರು. ಕಾಫಿ ತರಿಸಿದರು, ಅದರ ಹಿಂದೆಯೇ ಇನ್ನೊಂದು. ಗಿರಾಕಿಗಳೆದುರು ಚಳಿ ಎನ್ನಲು ಮಾನ ಬಿಡಲಿಲ್ಲ. ಕೊನೆಗೆ ಧರ್ಮಾವರಂ ಸೀರೆಯೊಂದನ್ನು ಮೈತುಂಬ ಹೊದ್ದು, ನನ್ನನ್ನು ಕಂಡು, "ಬಣ್ಣ ನೋಡ್ತಿದ್ದೆ" ಎಂದರು. ಮಧ್ಯಾಹ್ನ, ಯಾರೂ ನೋಡುತ್ತಿಲ್ಲ ಅಂದುಕೊಂಡು, ನಾಬನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು.

ಸ್ವೆಟರ್ ಎಲ್ಲಿ ಎಂದು ಅವರು ಮನೆಯಲ್ಲಿ ಕೇಳಿದಾಗಲೆಲ್ಲ "ಇನ್ನೂ ಒಣಗಿಲ್ಲ" ಎಂಬುದೇ ಉತ್ತರ. ತಿಂಗಳ ಕೊನೆಗೆ ಮೀಟರ್ ಮಿತಿಯೊಳಗೇ ನಿಂತಿತು.

"ನಾನೇ ಅಡ್ಜಸ್ಟ್ ಮಾಡ್ದೆ" ಎಂದು ಚಿಕ್ಕಬೈರಪ್ಪನವರು ಅಂಗಡಿಗೆ ಬಂದ ಸಂಜೀವಯ್ಯನವರೆದುರು ಬೀಗಿದರು. "ಸ್ವೆಟರ್ ಒಂದು ಬರ್ಲಿ, ಮತ್ತೆ ಫುಲ್ ಇಡ್ತೀನಿ."

ಅಷ್ಟರಲ್ಲಿ ಮಂಗಮ್ಮನವರು ಊಟದ ಕ್ಯಾರಿಯರ್ ಹಿಡಿದು ಬಂದರು. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು. ಅವಳ ಮೈಮೇಲೆ ಅದೇ ಸ್ವೆಟರ್, ಕುಗ್ಗಿ, ಅಳತೆ ಕೊಟ್ಟು ಹೆಣೆಸಿದ ಹಾಗೆ.

"ಎಡವಟ್ಟಾಯ್ತು ಕಣ್ರೀ" ಎಂದರು ಮಂಗಮ್ಮ, ನನ್ನ ಕಡೆ ತಿರುಗಿಯೂ ನೋಡದೆ. "ಕುದಿಯೋ ನೀರಲ್ಲಿ ಹಾಕ್ಬಿಟ್ಟೆ."