ದನಿಯ ಅಳತೆ

ಗೂಟ ಖಾಲಿಯಿತ್ತು.

ಹುಡುಗಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ವಿಮಾನದಲ್ಲಿ ಮಾಡಿದ ಅರೆನಿದ್ದೆ ಇನ್ನೂ ರೆಪ್ಪೆಗೆ ಅಂಟಿಕೊಂಡಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅಜ್ಜನ ಬೂಟಿನ ಅಂಗಡಿಯೇ ಮೆಲ್ಲಗೆ ತೇಲುತ್ತಿರುವಂತೆ ಕಾಣುತ್ತಿತ್ತು. ಒಳಗೋಡೆಯ ಮೇಲೆ ಮನೆಯವರ ಕಾಲುಗಳೆಲ್ಲ ಸಾಲಾಗಿ ತೂಗುತ್ತಿದ್ದವು. ಬೂಟಿನ ಅಳತೆಗೆಂದು ಮರದಲ್ಲಿ ಕೆತ್ತಿದ ಕಾಲಚ್ಚುಗಳು. ತೀರಿಹೋದ ಅಜ್ಜಿಯದು, ಮದುವೆಯಾಗಿ ಸಮುದ್ರ ದಾಟಿದ ಅಮ್ಮನದು, ಎಲ್ಲಿಗೂ ಹೋಗದೆ ಅಂಗಡಿಯಲ್ಲೇ ಉಳಿದ ಚಿಕ್ಕಮ್ಮನದು. ಗಿರಾಕಿಗಳ ಅಚ್ಚಿಗೆ ಬಾಗಿಲ ಪಕ್ಕದ ಕಪಾಟು; ಗೋಡೆ ಮನೆಯವರಿಗೆ ಮಾತ್ರ.

ಅಮ್ಮನ ಪಕ್ಕದ ಆ ಖಾಲಿ ಗೂಟ ಹುಡುಗಿಯದು. ಹುಟ್ಟಿದ್ದು ಬೇರೆ ದೇಶದಲ್ಲಾದರೂ, ರಜೆಗೆ ಬಂದಾಗಲೆಲ್ಲ ಅಜ್ಜ ಅವಳ ಕಾಲು ಅಳೆದು, ಅಚ್ಚಿಗೆ ಚರ್ಮದ ತೆಳು ಚೂರು ಅಂಟಿಸಿ, ಅದನ್ನೂ ಒಂದಿಷ್ಟು ಬೆಳೆಸುತ್ತಿದ್ದ. ಆಮೇಲೆ ಪರೀಕ್ಷೆ, ಗೆಳತಿಯರು, ಅದು ಇದು ಅಂತ ಎಷ್ಟೋ ಬೇಸಿಗೆ ಅವಳು ಬಂದಿರಲಿಲ್ಲ. ಅಳುಕುತ್ತಲೇ ಗಿರಾಕಿಗಳ ಕಪಾಟಿನಲ್ಲಿ ಇಣುಕಿದಳು. ಅಲ್ಲೂ ಇಲ್ಲ.

"ಏನು ಮಹಾರಾಣಿ, ಬಂದ ತಕ್ಷಣ ತನಿಖೆ ಶುರುನಾ?" ಚಿಕ್ಕಮ್ಮ ಸೂಟ್‌ಕೇಸನ್ನು ದರದರ ಒಳಗೆಳೆದಳು.

"ನನ್ನ ಕಾಲೆಲ್ಲಿ ಚಿಕ್ಕಮ್ಮ?"

"ಮಂಡಿ ಕೆಳಗೆ ಹುಡುಕು, ಅಲ್ಲೇ ಎಲ್ಲೋ ಇರ್ಬೇಕು."

ಬೇರೆ ದಿನವಾಗಿದ್ದರೆ ಅದೇ ಮಾತನ್ನು ಚಿಕ್ಕಮ್ಮನದೇ ಮೂಗಿನಲ್ಲಿ ತಿರುಗಿಸಿ ಒಪ್ಪಿಸುತ್ತಿದ್ದಳು. ಅನುಕರಣೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಇವತ್ತು ಮಾತ್ರ ಖಾಲಿ ಗೂಟವನ್ನೇ ಮತ್ತೊಮ್ಮೆ ಮುಟ್ಟಿ ನೋಡಿದಳು.

"ಕೂಸು ಬಂತಾ?" ಅಜ್ಜ ಹಿಂದಿನ ಕೋಣೆಯಿಂದ ಬಂದ. ಕೈಯಲ್ಲಿ ಕಂದು ಬಣ್ಣದ ಹೊಸ ಬೂಟು, ಕನ್ನಡಿಯಂಥ ಹೊಳಪು. "ಹಾಕ್ಕೋ, ಹಾಕ್ಕೋ. ನಿನಗೇ."

ಅವಳು ಕಾಲಿಟ್ಟಳು. ಕಾಲು ಒಳಗೆ ಈಜಾಡಿತು.

"ಅಪ್ಪಾ, ಇದರಲ್ಲಿ ಇನ್ನೊಬ್ಬರನ್ನ ಬಾಡಿಗೆಗೂ ಇಡಬಹುದು!" ಚಿಕ್ಕಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು.

ಅಜ್ಜನ ಮುಖ ಸಪ್ಪಗಾಯಿತು. ಒಳಗೆ ಹೋಗಿ ಅಚ್ಚು ತಂದ. ಚೂರಿನ ಮೇಲೆ ಚೂರು ಅಂಟಿ ಅದು ಊದಿಕೊಂಡಿತ್ತು. "ಅಳೆಯೋಕೆ ಕಾಲಿರಲಿಲ್ಲವಲ್ಲ ಮರಿ. ಫೋನಲ್ಲಿ ದನಿ ಇತ್ತು. ಸಲದಿಂದ ಸಲಕ್ಕೆ ದಪ್ಪ ಆಗ್ತಾ ಬಂತು. ಓಹೋ, ಕೂಸು ಬೆಳೀತಿದೆ ಅಂತ ಆಗಾಗ ಒಂದು ಚೂರು ಅಂಟಿಸ್ತಾ ಬಂದೆ."

ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಅಜ್ಜಾ, ಅದು... ನಾನು ಅಪ್ಪನ ದನಿ ಮಾಡ್ತಿದ್ದೆ. 'ನಮಸ್ಕಾರ ಮಾವ, ಆರೋಗ್ಯವಾಗಿದ್ದೀರಾ?' ಅಂತ."

"ನೀನೇ ಅಂತ ಗೊತ್ತಿತ್ತು ಬಿಡು. ಅಳಿಯಂದಿರು ಯಾವತ್ತು ನನ್ನ ಆರೋಗ್ಯ ವಿಚಾರಿಸಿದ್ರು? ಆದ್ರೆ ಆ ದಪ್ಪ ದನಿ ಬೆಳೆದ ನಿಂದೇ ಅಂದ್ಕೊಂಡೆನಲ್ಲ."

ಚಿಕ್ಕಮ್ಮ ಈ ಸಲ ನಗಲಿಲ್ಲ. ಅಜ್ಜ ಪೀಠದ ಮೇಲೆ ಕೂತು ಚಾಕು ತೆಗೆದುಕೊಂಡ. ಮೇಲಿನ ಚೂರನ್ನು ಮೆಲ್ಲಗೆ ಎಬ್ಬಿಸಿದ. "ಇದು ನೀನು ಸೈಕಲ್ಲಿಂದ ಬಿದ್ದೆ ಅಂದಿದ್ಯಲ್ಲ, ಅವತ್ತಿಂದು." ಇನ್ನೊಂದು. "ಇದು ಈ ಸಲ ಬರೋಕಾಗಲ್ಲ ಅಂದೆಯಲ್ಲ..."

ಹುಡುಗಿ ಅವನ ಕೈ ಹಿಡಿದಳು. "ಕೀಳಬೇಡ ಅಜ್ಜ."

"ಬೂಟು ಸಡಿಲ ಆಗುತ್ತಲ್ಲೇ."

"ಬೆಳೀತೀನಿ."

ಅಚ್ಚನ್ನು ಇಸಿದುಕೊಂಡು, ತುದಿಗಾಲಲ್ಲಿ ನಿಂತು, ಅಮ್ಮನ ಪಕ್ಕದಲ್ಲಿ ತೂಗುಹಾಕಿದಳು. ಹೊಸ ಭಾರಕ್ಕೆ ಗೂಟ ಕಿರ್ರೆಂದಿತು. ಅಜ್ಜನ ಉಣ್ಣೆಯ ಕಾಲುಚೀಲ ಎಳೆದುಕೊಂಡು, ಮೇಲೆ ಬೂಟು ಹಾಕಿ ಲಾಡಿ ಬಿಗಿದು, ಬೀದಿಗಿಳಿದಳು. ಕಲ್ಲುಹಾಸಿನ ಮೇಲೆ ಅವಳು ಹೆಜ್ಜೆಯಿಟ್ಟ ಮೇಲೆ, ಒಂದು ಚಣ ತಡವಾಗಿ, ಸಡಿಲ ಹಿಮ್ಮಡಿ ಇನ್ನೊಮ್ಮೆ ಟಪ್ಪೆನ್ನುತ್ತಿತ್ತು. ಬೆನ್ನ ಹಿಂದೆಯೇ ಹಳೆಯ ಬೇಸಿಗೆಗಳ ಪುಟ್ಟ ಹುಡುಗಿಯೊಬ್ಬಳು ಓಡೋಡಿ ಬರುತ್ತಿರುವ ಹಾಗೆ. ಬೀದಿಯ ತಿರುವಿನಲ್ಲಿ ಅವಳು ನಿಂತಳು. ಆ ಹೆಜ್ಜೆಯೂ ಬಂದು ಪಕ್ಕದಲ್ಲಿ ನಿಂತಿತು.