ಓಗೊಡಬಾರದ ಕೂಗು

ಟ್ರಿಸ್ಟನ್ ದ್ವೀಪದ ಶಿಖರಕ್ಕೆ ಮುನಿಸಿಕೊಳ್ಳಲು ಕಾರಣವೇ ಬೇಕಿಲ್ಲ. ಬೆಳಿಗ್ಗೆ ಥಳಥಳ ಹೊಳೆಯುತ್ತಿದ್ದದ್ದು, ಅರ್ಸುಲಾಳ ಬುಟ್ಟಿಗೆ ಇಪ್ಪತ್ತು ಹಕ್ಕಿಮೊಟ್ಟೆ ಬೀಳುವಷ್ಟರಲ್ಲಿ ಮೋಡ ಹೊದ್ದು ಕೂತಿತು. ಮೋಡ ಹಾಗೇ ಇಳಿದು ಇಳಿಜಾರನ್ನೂ ನುಂಗಿತು.

ಅವಳ ಗಂಡ ಹೆಕ್ಟರ್ ಕಮರಿಯನ್ನು ಮೇಲಿನಿಂದ ಬಳಸಿಕೊಂಡು ಆಚೆ ದಂಡೆಗೆ ಹೋಗಿದ್ದ. ಮದುವೆಯಾಗಿ ನಾಲ್ಕೇ ತಿಂಗಳು. "ನೀನು ಒಂದು ಬುಟ್ಟಿ ತುಂಬೋದ್ರಲ್ಲಿ ನಾನು ಎರಡು ತುಂಬಿರ್ತೀನಿ, ನೋಡ್ತಿರು" ಎಂದು ಜಂಬ ಕೊಚ್ಚಿದ್ದ.

"ಮೊದ್ಲು ಕಾಲ್ಚೀಲ ಮೇಲೆಳ್ಕೋ ಮಹಾರಾಯ" ಎಂದಿದ್ದಳು ಅವಳು.

ಮಂಜಿನಲ್ಲಿ ಒಬ್ಬರು ಕೂಗಿದಾಗ ಇನ್ನೊಬ್ಬರು ಓಗೊಟ್ಟರೆ, ನಡುವೆ ದಾರಿಯಿದೆ, ದನಿ ಹಿಡಿದು ಬಾ ಎಂದರ್ಥ. ಓಗೊಡದಿದ್ದರೆ ಇದ್ದಲ್ಲೇ ಕೂತಿರಬೇಕು. ಇಲ್ಲಿನ ಮಕ್ಕಳು ನಡೆಯುವುದರ ಜೊತೆಗೇ ಇದನ್ನೂ ಕಲಿಯುತ್ತಾರೆ.

"ಹೋಓಓ, ಅರ್ಸುಲಾ!"

"ಹೋಓಓ!" ಅಭ್ಯಾಸಬಲದಿಂದ ಓಗೊಟ್ಟುಬಿಟ್ಟಳು. ಮರುಗಳಿಗೆ ತಪ್ಪು ಹೊಳೆಯಿತು. ನಡುವೆ ಕಮರಿಯಿತ್ತು; ತಾನೂ ಬಳಸಿಕೊಂಡು ಆಚೆಗೇ ಬಂದಿದ್ದೇನೆಂದು ಅವನು ತಿಳಿಯುತ್ತಾನೆ.

"ಬಂದೆ ಇರು!"

"ಬರಬೇಡ! ಅಲ್ಲೇ ನಿಲ್ಲು!" ಎಂದು ಚೀರಿದಳು. ಗಾಳಿ ಅವನ ಕಡೆಯಿಂದ ಬೀಸುತ್ತಿತ್ತು. ಅವನಿಗೆ ಮುಟ್ಟಿದ್ದು ದನಿ ಮಾತ್ರ, ಮಾತಲ್ಲ. ಮುಂದಿನ ಕೂಗು ಇನ್ನಷ್ಟು ಹತ್ತಿರದಿಂದ ಬಂತು. ಆಚೆ ಕಲ್ಲೊಂದು ಜಾರಿತು. ಅದು ತಳ ಮುಟ್ಟಿದ ಸದ್ದು ಎಷ್ಟು ಹೊತ್ತಾದರೂ ಕೇಳಲಿಲ್ಲ.

ಅರ್ಸುಲಾ ಸೊಂಟದಲ್ಲಿದ್ದ ಅರ್ಧ ಹೆಣೆದ ಉಣ್ಣೆಯ ಕಾಲ್ಚೀಲವನ್ನು ಕಡ್ಡಿಯಿಂದ ಕಿತ್ತು, ಮತ್ತೆ ದನಿ ಹೊರಬೀಳದಂತೆ ಬಾಯಿಗೆ ತುರುಕಿಕೊಂಡಳು.

"ಎಲ್ಲಿದೀಯೇ? ಆಟ ಆಡ್ಬೇಡ ಕಣೇ... ಅರ್ಸುಲಾ! ಬಿದ್ಯಾ?" ಅವನ ದನಿ ಒಡೆಯಿತು. ಇಷ್ಟು ದೊಡ್ಡ ಆಳು ಅಳುವುದನ್ನು ಅವಳು ಕೇಳಿದ್ದು ಅದೇ ಮೊದಲು. ತಾನು ಬಿದ್ದಿದ್ದೇನೆಂದುಕೊಂಡು ಅವನು ಹುಡುಕಲು ಹೊರಟರೆ? ಆದರೂ ಹಲ್ಲು ಸಡಿಲಿಸಲಿಲ್ಲ.

ಆಮೇಲೆ ಅವನ ಸದ್ದೂ ನಿಂತಿತು. ಕೂತನೋ, ಹೋದನೋ? ಅವಳಿಗೆ ನಿಜವಾದ ಭಯ ಹಿಡಿದದ್ದು ಆಗಲೇ. ತಾನೇ ಕರೆದು ತಾನೇ ಕೊಂದೆನೆಂದು ಮನಸ್ಸು ಮತ್ತೆ ಮತ್ತೆ ಹೇಳಿತು.

ಮಧ್ಯಾಹ್ನ ಕಳೆದ ಮೇಲೆ ಮಂಜು ಹರಿಯಿತು. ಹೆಕ್ಟರ್ ಎದುರು ದಂಡೆಯಲ್ಲಿ ಮಂಡಿ ತಬ್ಬಿಕೊಂಡು ಕೂತಿದ್ದ. ಅವನ ಕಾಲಿನಿಂದ ಒಂದು ಗೇಣಿನಾಚೆ ನೆಲವಿರಲಿಲ್ಲ. ಅವನು ಅವಳನ್ನು ನೋಡಿದ, ಕೆಳಗೆ ನೋಡಿದ, ಕೂತಲ್ಲಿಂದಲೇ ಹಿಂದಕ್ಕೆ ತೆವಳಿದ.

"ನೀನು ಸತ್ತೇ ಹೋದೆ ಅನ್ಕೊಂಡೆ ಕಣೇ! ಒಂದು ಸಲನಾದ್ರೂ ಮಾತಾಡೇ!"

ಅವಳು ಕಮರಿಯ ಮೇಲ್ತುದಿಯತ್ತ ಕೈ ತೋರಿಸಿದಳು. ಅವನು ಬಳಸಿ ಬಂದು ಹೆಗಲು ಮುಟ್ಟುವವರೆಗೂ ಬಾಯಿಂದ ಉಣ್ಣೆ ತೆಗೆಯಲಿಲ್ಲ.